ಎಂಜಿನ್ ಆಯಿಲ್, ಗೇರ್ ಬಾಕ್ಸ್ ಆಯಿಲ್: ನಿಮ್ಮ ಗಾಡಿಗೆ ಸರಿಹೋಗುವುದನ್ನು ಆರಿಸುವುದು ಹೇಗೆ?

ಅಂಗಡಿಗೆ ಹೋಗಿ "ಸ್ವಿಫ್ಟ್‌ಗೆ ಆಯಿಲ್ ಕೊಡಿ" ಅಂದರೆ ಸಾಮಾನ್ಯವಾಗಿ ಎದುರಾಗುವುದು ಒಂದೇ ಪ್ರಶ್ನೆ: ಪೆಟ್ರೋಲಾ, ಡೀಸೆಲ್ಲಾ? ಅಷ್ಟು ಸಾಲದು. ಸ್ವಿಫ್ಟ್ ನಮ್ಮ ದೇಶಕ್ಕೆ ಬಂದದ್ದು 2005ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದೇ ಹೆಸರಿನ ಕಾರಿನಲ್ಲಿ 1.3 ಪೆಟ್ರೋಲ್, 1.3 ಡೀಸೆಲ್, ಬೇರೆ ಬೇರೆ ಪೀಳಿಗೆಯ 1.2 ಪೆಟ್ರೋಲ್, 2024ರಿಂದ ಮೂರು ಸಿಲಿಂಡರಿನ ಎಂಜಿನ್, ಹೀಗೆ ಹಲವು ಬಂದಿವೆ. ಹಳೆಯದಕ್ಕೆ ಒಗ್ಗಿದ ಆಯಿಲ್ ಹೊಸದಕ್ಕೆ ಒಗ್ಗುವುದಿಲ್ಲ. ಗೇರ್ ಬಾಕ್ಸ್ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಜಾಸ್ತಿ. ಮ್ಯಾನ್ಯುಯಲ್, ಎಎಂಟಿ, ಸಿವಿಟಿ, ಡಿಸಿಟಿ, ಟಾರ್ಕ್ ಕನ್ವರ್ಟರ್ ಹೀಗೆ ಗೇರ್ ಬಾಕ್ಸಿನ ಎಲ್ಲ ಬಗೆಗೂ ಬೇರೆ ಬೇರೆ ದ್ರವ (ಈ ಬಗೆಗಳ ವಿವರ ಹಂತ 6ರಲ್ಲಿದೆ).

ಈ ಆಯ್ಕೆಗೆ ದೊಡ್ಡ ವಿದ್ಯೆ ಏನೂ ಬೇಡ. ಯಾವ ಕ್ರಮದಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ. ಎಂಜಿನ್ ಆಯಿಲ್‌ನಲ್ಲಿ ಸ್ವಲ್ಪ ಹೆಚ್ಚುಕಮ್ಮಿಗೆ ಜಾಗ ಇದೆ. ಗೇರ್ ಬಾಕ್ಸ್ ದ್ರವದಲ್ಲಿ ಇಲ್ಲವೇ ಇಲ್ಲ. ಈ ವ್ಯತ್ಯಾಸವನ್ನು ಮೊದಲಿಂದ ಕೊನೆಯವರೆಗೂ ನೆನಪಿಡಿ.

ಹಂತ 1: ಆರ್‌ಸಿ ಮತ್ತು ಓನರ್ಸ್ ಮ್ಯಾನ್ಯುಯಲ್ ಮುಂದಿಟ್ಟುಕೊಳ್ಳಿ

ಆರ್‌ಸಿಯಲ್ಲಿ ಎರಡು ವಿಷಯ ನೋಡಿ. ಗಾಡಿ ತಯಾರಾದ ತಿಂಗಳು ಮತ್ತು ವರ್ಷ ಒಂದು. ಬಿಎಸ್4 ಅಥವಾ ಬಿಎಸ್6 ಎಂಬ ಹೊಗೆ ನಿಯಂತ್ರಣದ ಮಟ್ಟ ಇನ್ನೊಂದು. 2020ರ ಏಪ್ರಿಲ್ 1ರಿಂದ ಬಿಎಸ್6 ಕಡ್ಡಾಯವಾಯಿತು. ಡೀಸೆಲ್ ಗಾಡಿಯವರಿಗೆ ಈ ಗೆರೆ ತುಂಬಾ ಮುಖ್ಯ.

ಆಮೇಲೆ ಮ್ಯಾನ್ಯುಯಲ್. ಗ್ಲೋವ್ ಬಾಕ್ಸಿನಲ್ಲಿ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತದೆಯೇ ನೋಡಿ. ಕೊನೆಯ ಪುಟಗಳಲ್ಲಿ ಸ್ಪೆಸಿಫಿಕೇಷನ್ ಅಥವಾ ಕೆಪಾಸಿಟಿ ಎಂಬ ಅಧ್ಯಾಯ ಇರುತ್ತದೆ. ಅಲ್ಲಿಂದ ಇಷ್ಟನ್ನು ಫೋನಿನಲ್ಲಿ ಬರೆದುಕೊಳ್ಳಿ: ಆಯಿಲ್‌ನ ಗ್ರೇಡ್, ಗುಣಮಟ್ಟದ ಅಕ್ಷರಗಳು, ಫಿಲ್ಟರ್ ಸೇರಿಸಿ ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಬದಲಾವಣೆ, ಗೇರ್ ಬಾಕ್ಸ್ ದ್ರವದ ಪೂರ್ತಿ ಹೆಸರು. ಕೊನೆಯದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ.

ಬದಲಾವಣೆಯ ಅವಧಿಯ ಹತ್ತಿರ "ಸಿವಿಯರ್ ಕಂಡಿಷನ್" ಎಂಬ ಬೇರೆ ಪಟ್ಟಿ ಇದ್ದರೆ ಅದನ್ನೂ ಓದಿ. ಗಂಟೆಗಟ್ಟಲೆ ಟ್ರಾಫಿಕ್, ದಿನವೂ ಮೂರ್ನಾಲ್ಕು ಕಿಲೋಮೀಟರಿನ ಚಿಕ್ಕ ಓಡಾಟ, ಧೂಳು, ಘಾಟಿ, ಭಾರ ಎಳೆಯುವುದು ಎಲ್ಲ ಅದರೊಳಗೇ ಬರುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಕಿಲೋಮೀಟರ್ ಮೀಟರ್ ಓಡುವುದಿಲ್ಲ, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಬೆಂಗಳೂರಿನ ಒಳಗೇ ಓಡುವ ಕಾರನ್ನು ನಾನು ಯಾವತ್ತೂ ಸಿವಿಯರ್ ಪಟ್ಟಿಗೇ ಸೇರಿಸುತ್ತೇನೆ.

ಹಂತ 2: ಅಂಕಿಗಳನ್ನು ಅರ್ಥ ಮಾಡಿಕೊಳ್ಳಿ

ಕ್ಯಾನಿನ ಮೇಲೆ 5ಡಬ್ಲ್ಯೂ-30, 20ಡಬ್ಲ್ಯೂ-40 ಅಂತೆಲ್ಲ ಇರುತ್ತದೆ ಅಲ್ವಾ? ಇದು ಎಸ್‌ಎಇ ಗ್ರೇಡ್. ಆಯಿಲ್ ಎಷ್ಟು ಮಂದ, ಎಷ್ಟು ತೆಳು ಅನ್ನುವುದರ ಅಳತೆ. ಜೋನಿ ಬೆಲ್ಲ ಚಳಿಯಲ್ಲಿ ಸುರಿಯದೆ ನಿಲ್ಲುತ್ತದೆ, ಬಿಸಿ ಮಾಡಿದರೆ ನೀರಿನಂತೆ ಹರಿಯುತ್ತದೆ. ಆಯಿಲ್ ಕೂಡ ಹಾಗೇ. ಅದಕ್ಕೇ ಎರಡು ಅಂಕಿ.

ಡಬ್ಲ್ಯೂ ಜೊತೆಗಿರುವುದು ಚಳಿಯ ಅಂಕಿ. 0ಡಬ್ಲ್ಯೂ ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 5ಡಬ್ಲ್ಯೂ ಅನ್ನು ಮೈನಸ್ 30ರಲ್ಲಿ, 20ಡಬ್ಲ್ಯೂ ಅನ್ನು ಮೈನಸ್ 15ರಲ್ಲಿ. ಎರಡನೆಯ ಅಂಕಿ ಎಂಜಿನ್ ಬಿಸಿಯಾದ ಮೇಲಿನದು, 100 ಡಿಗ್ರಿಯಲ್ಲಿ ಅಳೆದದ್ದು. ಅಲ್ಲಿ 20 ಗ್ರೇಡ್ ಅಂದರೆ 6.9ರಿಂದ 9.3 ಸೆಂಟಿಸ್ಟೋಕ್ (ದ್ರವದ ಮಂದವನ್ನು ಅಳೆಯುವ ಮಾನ), 40 ಗ್ರೇಡ್ ಅಂದರೆ 12.5ರಿಂದ 16.3. ಹೆಚ್ಚುಕಡಿಮೆ ಎರಡು ಪಟ್ಟು ಮಂದ.

"ನಮ್ಮ ಮಡಿಕೇರಿಯಲ್ಲೂ ಮೈನಸ್ ಇಲ್ಲ, 0ಡಬ್ಲ್ಯೂ ಯಾಕೆ?" ಅಂತ ಕೇಳುವವರು ಬಹಳ ಜನ. ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ಎಂಜಿನ್ ಲೆಕ್ಕದಲ್ಲಿ 25 ಡಿಗ್ರಿಯೂ ತಣ್ಣಗೇ. 40 ಡಿಗ್ರಿಯಲ್ಲಿ ಅಳೆದರೂ 0ಡಬ್ಲ್ಯೂ-20 ಆಯಿಲ್ ಸುಮಾರು 45 ಸೆಂಟಿಸ್ಟೋಕ್ ಇದ್ದರೆ, 20ಡಬ್ಲ್ಯೂ-50 ಸಾಮಾನ್ಯವಾಗಿ 150 ದಾಟುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದ ಮೊದಲ ಕ್ಷಣಗಳಲ್ಲಿ ತೆಳು ಆಯಿಲ್ ಬೇಗ ಮೇಲೇರಿ ಕ್ಯಾಮ್‌ಶಾಫ್ಟ್ ಮುಟ್ಟುತ್ತದೆ. ಎಂಜಿನ್ ಸವೆಯುವುದು ಈ ಹೊತ್ತಿನಲ್ಲೇ ಜಾಸ್ತಿ.

ಇದಕ್ಕೆ ತದ್ವಿರುದ್ಧ ವಾದವೂ ಇದೆ. "ರಾಯಚೂರು, ಕಲಬುರಗಿ ಬಿಸಿಲಿಗೆ ತೆಳು ಆಯಿಲ್ ತಡೆಯಲ್ಲ, 20ಡಬ್ಲ್ಯೂ-50 ಹಾಕಿಸಿ" ಅನ್ನುತ್ತಾರೆ. ಹೊರಗೆ 43 ಡಿಗ್ರಿ ಇದ್ದರೂ 28 ಡಿಗ್ರಿ ಇದ್ದರೂ, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸರಿಯಿರುವ ಕಾರಿನಲ್ಲಿ ಓಡುವಾಗ ಆಯಿಲ್‌ನ ಬಿಸಿ 100ರ ಆಸುಪಾಸಿನಲ್ಲೇ ಇರುತ್ತದೆ. ಹೊಸ ಎಂಜಿನ್‌ಗಳ ಬೇರಿಂಗ್ ಸಂದು, ಆಯಿಲ್ ಪಂಪ್, ವೇರಿಯಬಲ್ ವಾಲ್ವ್ ಟೈಮಿಂಗ್ ಎಲ್ಲ ತೆಳು ಆಯಿಲ್ ಲೆಕ್ಕದಲ್ಲೇ ಮಾಡಿದಂಥವು. ಅಂಥ ಎಂಜಿನ್‌ಗೆ 20ಡಬ್ಲ್ಯೂ-50 ಹಾಕಿದರೆ ರಕ್ಷಣೆ ಹೆಚ್ಚುವುದಿಲ್ಲ, ಮೈಲೇಜ್ ಇಳಿಯುತ್ತದೆ.

ಮ್ಯಾನ್ಯುಯಲ್‌ನಲ್ಲೇ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಆಯ್ಕೆ ನಿಮ್ಮದು. ಹೊಸ ಕಾರಿಗೆ ಪಟ್ಟಿಯ ಮೊದಲ ಗ್ರೇಡನ್ನೇ ಹಾಕಿಸಿ. ಲಕ್ಷ ಕಿಲೋಮೀಟರ್ ದಾಟಿ, ಆಯಿಲ್ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದ್ದರೆ ಅದೇ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮಂದದ್ದು ಹಾಕಬಹುದು. ಪಟ್ಟಿಯ ಹೊರಗೆ ಹೋಗಬೇಡಿ.

ಹಂತ 3: ಕ್ಯಾನ್ ತಿರುಗಿಸಿ ಹಿಂಬದಿ ಓದಿ

ಮುಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಅಲ್ಟ್ರಾ, ಪವರ್, ಪ್ರೊ ಅಂತೆಲ್ಲ ಇರುವುದು ಬ್ರ್ಯಾಂಡಿನ ಮಾತು. ನಮಗೆ ಬೇಕಾದ್ದು ಹಿಂಬದಿಯ ಸಣ್ಣ ಅಕ್ಷರಗಳು. ಗ್ರೇಡ್ ಒಂದೇ ಇದ್ದ ಮಾತ್ರಕ್ಕೆ ಎರಡು ಆಯಿಲ್ ಒಂದೇ ಆಗುವುದಿಲ್ಲ.

ಮೊದಲು ಎಪಿಐ ಎಂಬ ಮೂರಕ್ಷರ ಹುಡುಕಿ, ಇದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು. ಅದರ ಮುಂದೆ ಎಸ್‌ನಿಂದ ಶುರುವಾದರೆ ಪೆಟ್ರೋಲ್, ಸಿಯಿಂದ ಶುರುವಾದರೆ ಡೀಸೆಲ್. ಪೆಟ್ರೋಲ್‌ನಲ್ಲಿ ಎಸ್ಎಲ್ 2001ರದು, ಎಸ್ಎಂ 2004ರದು, ಎಸ್ಎನ್ 2010ರದು, ಎಸ್‌ಪಿ 2020ರದು. ಅಕ್ಷರ ಮುಂದೆ ಹೋದಷ್ಟೂ ಗುಣಮಟ್ಟ ಮೇಲೆ. ಎಸ್ಎಲ್ ಕೇಳಿದ ಕಾರಿಗೆ ಎಸ್‌ಪಿ ಹಾಕಬಹುದು, ಎಸ್‌ಪಿ ಕೇಳಿದ ಕಾರಿಗೆ ಎಸ್ಎಲ್ ಆಗದು. ಟರ್ಬೊ ಪೆಟ್ರೋಲ್ ಇರುವವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಮಿಶ್ರಣ ಸ್ಪಾರ್ಕ್‌ಗಿಂತ ಮೊದಲೇ ಹೊತ್ತಿಕೊಳ್ಳುವ ಸಮಸ್ಯೆ ಇದೆ. ಪಿಸ್ಟನ್ನನ್ನೇ ಒಡೆಯಬಲ್ಲದು. ಅದನ್ನು ತಡೆಯುವ ಪರೀಕ್ಷೆ, ಟೈಮಿಂಗ್ ಚೈನ್ ಸವೆತದ ಪರೀಕ್ಷೆ ಎರಡೂ ಎಸ್‌ಪಿಯಲ್ಲಿವೆ.

ಡೀಸೆಲ್‌ನಲ್ಲಿ ಸಿಎಚ್-4, ಸಿಐ-4, ಸಿಕೆ-4 ಹೀಗೆ ಮೇಲೇರುತ್ತದೆ. ಎಫ್ಎ-4 ಎಂಬುದು ಬೇರೆಯೇ ಜಾತಿ. ಮ್ಯಾನ್ಯುಯಲ್ ಹೆಸರಿಟ್ಟು ಕೇಳದಿದ್ದರೆ ಮುಟ್ಟಬೇಡಿ.

ಆಮೇಲೆ ಯುರೋಪಿನ ಕಾರ್ ತಯಾರಕರ ಸಂಘವಾದ ಎಸಿಇಎಯ ಗುಣಮಟ್ಟದ ಅಕ್ಷರಗಳು: ಎ3/ಬಿ4, ಸಿ2, ಸಿ3 ಇತ್ಯಾದಿ. ಕೊನೆಗೆ ಕಾರ್ ಕಂಪನಿಯ ಸ್ವಂತ ನಂಬರು, ಉದಾಹರಣೆಗೆ ವಿಡಬ್ಲ್ಯೂ 502 00. ಈ ನಂಬರಿನ ಪಕ್ಕದಲ್ಲಿ ಏನು ಬರೆದಿದೆ ಅನ್ನುವುದನ್ನು ಕಣ್ಣು ಹತ್ತಿರ ತಂದು ಓದಿ. "ಅಪ್ರೂವ್ಡ್" ಅಂದರೆ ಕಾರ್ ಕಂಪನಿಯೇ ಪರಿಶೀಲಿಸಿ ಒಪ್ಪಿದೆ. "ಮೀಟ್ಸ್" ಅಥವಾ "ಸೂಟಬಲ್ ಫಾರ್" ಅಂದರೆ ಆಯಿಲ್ ಕಂಪನಿ ತಾನೇ ಹೇಳಿಕೊಳ್ಳುತ್ತಿದೆ. ವಾರಂಟಿ ಇರುವ ಕಾರಿಗೆ ಅಪ್ರೂವ್ಡ್ ಇರುವುದನ್ನೇ ಹುಡುಕಿ.

ಈ ಸ್ವಂತ ನಂಬರು ಯಾಕೆ ಮುಖ್ಯ ಅನ್ನುವುದಕ್ಕೆ ಫೋರ್ಡ್ ಇಕೋಸ್ಪೋರ್ಟ್‌ನ 1 ಲೀಟರ್ ಇಕೋಬೂಸ್ಟ್ ಒಳ್ಳೆಯ ಉದಾಹರಣೆ. ಅದರ ಟೈಮಿಂಗ್ ಬೆಲ್ಟ್ ಎಂಜಿನ್ ಆಯಿಲ್‌ನಲ್ಲೇ ನೆನೆಯುತ್ತಾ ತಿರುಗುತ್ತದೆ. ಅದಕ್ಕಾಗಿ ಫೋರ್ಡ್ 5ಡಬ್ಲ್ಯೂ-20 ಗ್ರೇಡಿನ, ಡಬ್ಲ್ಯೂಎಸ್‌ಎಸ್-ಎಂ2ಸಿ948-ಬಿ ನಂಬರಿನ ಆಯಿಲನ್ನೇ ಹೇಳಿದೆ. ಹೊಂದದ ಆಯಿಲ್ ಬಿದ್ದರೆ ಬೆಲ್ಟ್ ಕರಗಿ ಉದುರಿ, ಆ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಕಟ್ಟುತ್ತವೆ. ಹೊರಗಿನ ಗ್ಯಾರೇಜಿಗೆ ಬಿಡುವವರು ಈ ನಂಬರನ್ನು ಬರೆದುಕೊಟ್ಟೇ ಬಿಡಿ.

ಮಿನರಲ್, ಸೆಮಿ ಸಿಂಥೆಟಿಕ್, ಫುಲ್ಲಿ ಸಿಂಥೆಟಿಕ್ ಚರ್ಚೆಗೆ ಜನ ಕೊಡುವಷ್ಟು ಸಮಯ ನಾನು ಕೊಡುವುದಿಲ್ಲ. ಗ್ರೇಡ್ ಮತ್ತು ಅಕ್ಷರ ಸರಿಯಿದ್ದರೆ ಬಹುಪಾಲು ಅದೇ ತೀರ್ಮಾನವಾಗಿಬಿಡುತ್ತದೆ. 0ಡಬ್ಲ್ಯೂ-20 ಮಿನರಲ್‌ನಲ್ಲಿ ಸಿಗುವುದೇ ಇಲ್ಲ. ಟರ್ಬೊ ಇದ್ದರೆ ಫುಲ್ಲಿ ಸಿಂಥೆಟಿಕ್ ತಗೊಳ್ಳಿ, ಬಿಸಿಗೆ ಬೇಗ ಕೆಡುವುದಿಲ್ಲ.

ಹಂತ 4: ಬಿಎಸ್6 ಡೀಸೆಲ್ ಆದರೆ ಡಿಪಿಎಫ್ ನೋಡಿ

ಬಿಎಸ್6 ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದೇ ಡಿಪಿಎಫ್. ಮಸಿ ತುಂಬಿದಾಗ ಗಾಡಿ ಅದನ್ನು ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆಯಿಲ್ ಉರಿದು ಉಳಿಯುವ ಬೂದಿ ಮಾತ್ರ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಆದ್ದರಿಂದ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಸಿ2, ಸಿ3 ಎಂಬ ಎಸಿಇಎ ಅಕ್ಷರಗಳು ಅದನ್ನೇ ಹೇಳುತ್ತವೆ. ಹಳೆಯ ಬಿಎಸ್3 ಜೀಪಿಗೆ ಹಾಕುವ 15ಡಬ್ಲ್ಯೂ-40 ಸಿಐ-4 ಆಯಿಲನ್ನು ಬಿಎಸ್6 ಕಾರಿಗೆ ಸುರಿದರೆ ಎಂಜಿನ್ ಸದ್ದಿಲ್ಲದೆ ಓಡುತ್ತದೆ, ಡಿಪಿಎಫ್ ಮಾತ್ರ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸುವ ಖರ್ಚು ಹತ್ತಾರು ವರ್ಷದ ಆಯಿಲ್ ಖರ್ಚನ್ನು ಮೀರಬಹುದು.

ಇನ್ನೊಂದು ಸಂಗತಿ. ಸಿಟಿಯೊಳಗೇ ಓಡುವ ಬಿಎಸ್6 ಡೀಸೆಲ್‌ನಲ್ಲಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದರೆ ಕೆಲವೊಮ್ಮೆ ಆಯಿಲ್ ಮೊದಲಿಗಿಂತ ಜಾಸ್ತಿಯಾಗಿ ಕಾಣುತ್ತದೆ. ಮಸಿ ಸುಡಲು ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರಿರುತ್ತದೆ. ಮೇಲಿನ ಗುರುತು ದಾಟಿದ್ದರೆ ಅವಧಿಗೆ ಕಾಯದೆ ಬದಲಿಸಿ. ಆಗಾಗ ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ನಿಲ್ಲಿಸದೆ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಡಿಪಿಎಫ್ ತನ್ನ ಕೆಲಸವನ್ನು ಪೂರ್ತಿ ಮುಗಿಸಿಕೊಳ್ಳುತ್ತದೆ.

ಹಂತ 5: ಬೈಕ್ ಬೇರೆ, ಸ್ಕೂಟರ್ ಬೇರೆ

ಬೈಕಿನಲ್ಲಿ ಸಾಮಾನ್ಯವಾಗಿ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲಿ ಮುಳುಗಿದ್ದೂ ಜಾರದೆ ಹಿಡಿಯಬೇಕು. ಕಾರಿನ ತೆಳು ಆಯಿಲ್‌ಗಳಲ್ಲಿ ಮೈಲೇಜಿಗಾಗಿ ಜಾರಿಸುವ ರಾಸಾಯನಿಕ ಸೇರಿಸಿರುತ್ತಾರೆ. ಅದನ್ನು ಬೈಕಿಗೆ ಹಾಕಿದರೆ ಚಾರ್ಮಾಡಿ ಹತ್ತುವಾಗ ಆಕ್ಸಿಲರೇಟರ್ ತಿರುಗಿಸಿದಷ್ಟೂ ಎಂಜಿನ್ ಕೂಗುತ್ತದೆ, ಬೈಕ್ ಮುಂದೆ ಹೋಗುವುದಿಲ್ಲ. ಅದಕ್ಕೇ ಬೈಕಿಗೆ ಜಪಾನಿನ ಗುಣಮಟ್ಟವಾದ ಜಾಸೊ ಎಂಎ ಅಥವಾ ಎಂಎ2 ಗುರುತು ಬೇಕೇ ಬೇಕು. ಹಿಡಿತ ಎಂಎ2ರಲ್ಲಿ ಹೆಚ್ಚು. ಕ್ಯಾನಿನ ಮೇಲಿನ ದುಂಡನೆಯ ಎಪಿಐ ಗುರುತಿನ ಕೆಳಭಾಗದಲ್ಲಿ "ರಿಸೋರ್ಸ್ ಕನ್ಸರ್ವಿಂಗ್" ಅಂತ ಇದ್ದರೆ ಅದು ಬೈಕಿಗಲ್ಲ.

ಸ್ಕೂಟರಿನ ಕ್ಲಚ್ ಒಣ ಕ್ಲಚ್. ಆಯಿಲ್ ಮುಟ್ಟುವುದೇ ಇಲ್ಲ. ಆದ್ದರಿಂದ ಅದಕ್ಕೆ ಜಾಸೊ ಎಂಬಿ. ಅಪ್ಪನ ಸ್ಪ್ಲೆಂಡರ್‌ಗೂ ಅಕ್ಕನ ಆಕ್ಟಿವಾಗೂ 10ಡಬ್ಲ್ಯೂ-30 ಎಂದೇ ಇರಬಹುದು. ಆದರೂ ಸ್ಪ್ಲೆಂಡರ್‌ಗೆ ಎಂಎ, ಆಕ್ಟಿವಾಗೆ ಎಂಬಿ. ಎಂಬಿ ಆಯಿಲ್ ಬೈಕಿಗೆ ಹೋಗದಂತೆ ನೋಡಿಕೊಳ್ಳಿ.

ಸ್ಕೂಟರಿನಲ್ಲಿ ಹಿಂದಿನ ಚಕ್ರದ ಹತ್ತಿರ ಒಂದು ಚಿಕ್ಕ ಗೇರ್ ಪೆಟ್ಟಿಗೆ ಇದೆ. ಅದರಲ್ಲಿ 100 ಮಿಲಿಲೀಟರ್ ಆಸುಪಾಸು ಆಯಿಲ್ ಇರುತ್ತದೆ. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಇದನ್ನು ಮರೆಯುತ್ತಾರೆ. ಬಿಲ್‌ನಲ್ಲಿ "ಗೇರ್ ಆಯಿಲ್" ಅಂತ ಬಂದಿದೆಯಾ ನೋಡಿ.

ಹಂತ 6: ನಿಮ್ಮ ಗೇರ್ ಬಾಕ್ಸ್ ಯಾವ ಜಾತಿ?

ಇಲ್ಲಿಂದ ನಿಯಮವೇ ಬದಲಾಗುತ್ತದೆ. ಎಂಜಿನ್‌ನಲ್ಲಿ ಆಯಿಲ್ ಮುಖ್ಯವಾಗಿ ಸವೆತ ತಪ್ಪಿಸಿ ತಂಪು ಮಾಡುತ್ತದೆ. ಆಟೊಮ್ಯಾಟಿಕ್ ಗೇರ್ ಬಾಕ್ಸಿನಲ್ಲಿ ಅದೇ ದ್ರವ ಒತ್ತಡದಿಂದ ಗೇರ್ ಹಾಕುತ್ತದೆ, ಕ್ಲಚ್ ಎಷ್ಟು ಹಿಡಿಯಬೇಕು ಎಷ್ಟು ಜಾರಬೇಕು ಅನ್ನುವುದನ್ನೂ ತೀರ್ಮಾನಿಸುತ್ತದೆ. ಆದ್ದರಿಂದ ಅದು ಬಿಡಿಭಾಗ ಇದ್ದಂತೆಯೇ. ಹತ್ತಿರದ್ದು, ಹೆಚ್ಚು ಬೆಲೆಯದು ಎಂಬ ಲೆಕ್ಕ ನಡೆಯುವುದಿಲ್ಲ.

ಮ್ಯಾನ್ಯುಯಲ್ ಗೇರ್ ಬಾಕ್ಸ್‌ನಿಂದ ಶುರು ಮಾಡೋಣ. ಇಲ್ಲಿ 75ಡಬ್ಲ್ಯೂ-80, 75ಡಬ್ಲ್ಯೂ-90 ಅಂತ ಅಂಕಿ ಕಂಡು ಎಂಜಿನ್ ಆಯಿಲ್‌ಗಿಂತ ಎಷ್ಟೋ ಮಂದ ಅಂದುಕೊಳ್ಳಬೇಡಿ. ಗೇರ್ ಆಯಿಲ್‌ನ ಅಳತೆಗೋಲೇ ಬೇರೆ. 90 ಗ್ರೇಡಿನ ಗೇರ್ ಆಯಿಲ್ ಎಂಜಿನ್ ಆಯಿಲ್‌ನ 40 ಅಥವಾ 50ರ ಮಂದಕ್ಕೆ ಹತ್ತಿರ. ಹೆಚ್ಚು ಗಮನ ಕೊಡಬೇಕಾದ್ದು ಜಿಎಲ್-4, ಜಿಎಲ್-5 ಎಂಬ ಗುರುತಿಗೆ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಹಿಂಬದಿ ಆಕ್ಸಲ್‌ನ ಡಿಫರೆನ್ಷಿಯಲ್‌ಗೆ ಅದು ಬೇಕು. ಗೇರ್ ಬಾಕ್ಸಿನೊಳಗಿನ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗಿಗೆ ಅದು ಒಳ್ಳೆಯದಲ್ಲ. ಓನರ್ಸ್ ಮ್ಯಾನ್ಯುಯಲ್ ಪುಸ್ತಕದಲ್ಲಿ ಜಿಎಲ್-4 ಎಂದಿದ್ದರೆ ಜಿಎಲ್-4 ಮಾತ್ರ.

ಎಎಂಟಿ ನಮ್ಮಲ್ಲಿ ಜನಪ್ರಿಯವಾದದ್ದು 2014ರ ಸೆಲೇರಿಯೊದಿಂದ. ಒಳಗೆ ಇರುವುದು ಮ್ಯಾನ್ಯುಯಲ್ ಗೇರ್ ಬಾಕ್ಸೇ. ಕ್ಲಚ್ ಮತ್ತು ಗೇರ್ ಬದಲಿಸುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. "ಆಟೊಮ್ಯಾಟಿಕ್ ಕಾರು" ಅಂತ ಹೇಳಿ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ದ್ರವ) ತರಬೇಡಿ. ಇದಕ್ಕೆ ಮ್ಯಾನ್ಯುಯಲ್ ಗೇರ್ ಆಯಿಲ್ ಬೇಕು. ಕೆಲವು ಎಎಂಟಿಗಳಲ್ಲಿ ಆ ಯಂತ್ರಕ್ಕೆ ಬೇರೆಯೇ ಹೈಡ್ರಾಲಿಕ್ ದ್ರವದ ಡಬ್ಬಿ ಇರುತ್ತದೆ, ಅದನ್ನೂ ವಿಚಾರಿಸಿ.

ಕ್ಲಚ್ ಬದಲು ದ್ರವದ ಮೂಲಕ ಎಂಜಿನ್ ಶಕ್ತಿಯನ್ನು ದಾಟಿಸುವ ಟಾರ್ಕ್ ಕನ್ವರ್ಟರ್ ಇರುವವಕ್ಕೆ ಎಟಿಎಫ್. ಹ್ಯುಂಡೈನ ಹಳೆಯ ನಾಲ್ಕು ಗೇರಿನ ಆಟೊಮ್ಯಾಟಿಕ್‌ಗೆ ಎಸ್‌ಪಿ-3 ಎಂಬ ಎಟಿಎಫ್ (ಎಪಿಐನ ಎಸ್‌ಪಿ ಬೇರೆ), ಆರು ಗೇರಿನದಕ್ಕೆ ಎಸ್‌ಪಿ-4. ಟೊಯೊಟಾದಲ್ಲಿ ಹಳೆಯದಕ್ಕೆ ಟಿ-4, ಹೊಸದಕ್ಕೆ ಡಬ್ಲ್ಯೂಎಸ್. ಎಂಜಿನ್ ಆಯಿಲ್‌ನಂತೆ ಇಲ್ಲಿ ಹೊಸದು ಹಳೆಯದರ ಜಾಗ ತುಂಬುತ್ತದೆ ಅಂದುಕೊಂಡರೆ ಕೆಟ್ಟಿರಿ. ಡಬ್ಲ್ಯೂಎಸ್ ಬೇಕಾದಲ್ಲಿ ಟಿ-4 ಆಗದು, ಟಿ-4 ಬೇಕಾದಲ್ಲಿ ಡಬ್ಲ್ಯೂಎಸ್ ಆಗದು. "ಮಲ್ಟಿ ವೆಹಿಕಲ್ ಎಟಿಎಫ್" ಕೊಳ್ಳುವುದಾದರೆ ನಿಮಗೆ ಬೇಕಾದ ಹೆಸರು ಅದರ ಹಿಂಬದಿಯಲ್ಲಿ ಅಕ್ಷರಶಃ ಇರಲೇಬೇಕು.

ಸಿವಿಟಿಯಲ್ಲಿ ಗೇರುಗಳ ಬದಲು ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್. ಲೋಹಕ್ಕೆ ಲೋಹ ಜಾರದೆ ಹಿಡಿದುಕೊಳ್ಳಬೇಕು, ಅದೂ ಆಯಿಲ್‌ನಲ್ಲಿ ನೆನೆದುಕೊಂಡೇ. ಆ ಹಿಡಿತ ಕೊಡುವುದು ಸಿವಿಟಿ ದ್ರವ. ಎಟಿಎಫ್ ಬಿದ್ದರೆ ಬೆಲ್ಟ್ ಜಾರಿ ಪುಲ್ಲಿಯ ಮುಖಕ್ಕೆ ಗೀರು ಬೀಳುತ್ತದೆ. ಆ ಗೀರನ್ನು ಸರಿಮಾಡಲು ಬರುವುದಿಲ್ಲ, ಪೂರ್ತಿ ಬದಲಿಸಬೇಕು. ಹೋಂಡಾ ಸಿಟಿ, ಅಮೇಜ್‌ನ ಈಚಿನ ಸಿವಿಟಿಗೆ ಎಚ್‌ಸಿಎಫ್-2, ನಿಸ್ಸಾನ್‌ನ ಈಚಿನವಕ್ಕೆ ಎನ್‌ಎಸ್-3. ಇಲ್ಲಿ ನಾನು ಕಂಪನಿಯ ದ್ರವ ಬಿಟ್ಟು ಬೇರೆ ಯಾವುದನ್ನೂ ಯಾರಿಗೂ ಹೇಳುವುದಿಲ್ಲ. ಲೀಟರಿಗೆ ಕೆಲವು ನೂರು ರೂಪಾಯಿ ಉಳಿಸುವ ಜಾಗ ಇದಲ್ಲ.

ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಆದ ಡಿಸಿಟಿಯಲ್ಲಿ ಎರಡು ಬಗೆ. ಟಾಟಾ ಆಲ್ಟ್ರೋಜ್ ಡಿಸಿಎಯಂಥದ್ದು ಒದ್ದೆ ಕ್ಲಚ್, ದ್ರವ ಕ್ಲಚ್‌ಗೂ ತಾಗುತ್ತದೆ. ಹ್ಯುಂಡೈ ವೆನ್ಯೂವಿನ ಏಳು ಗೇರಿನದು, ಫೋಕ್ಸ್‌ವ್ಯಾಗನ್-ಸ್ಕೋಡಾದ ಡಿಕ್ಯೂ200 ಒಣ ಕ್ಲಚ್. ಡಿಕ್ಯೂ200ರಲ್ಲಿ ಗೇರಿಗೆ ಒಂದು ಆಯಿಲ್, ಗೇರ್ ಮತ್ತು ಕ್ಲಚ್ ನಿಯಂತ್ರಿಸುವ ಮೆಕಾಟ್ರಾನಿಕ್ ಭಾಗಕ್ಕೆ ಇನ್ನೊಂದು. ಒದ್ದೆ ಕ್ಲಚ್ಚಿನ ಡಿಕ್ಯೂ250ಯಲ್ಲಿ 60,000 ಕಿಲೋಮೀಟರಿಗೆ ದ್ರವ ಬದಲಿಸಬೇಕು.

ಟ್ರ್ಯಾಕ್ಟರ್ ಇರುವವರಿಗೂ ಒಂದು ಮಾತು. ಬ್ರೇಕ್ ಆಯಿಲ್‌ನಲ್ಲಿ ಮುಳುಗಿರುವ ಟ್ರ್ಯಾಕ್ಟರಿಗೆ ಯುಟಿಟಿಒ ಎಂಬ ಆಯಿಲ್ ಬೇಕು. ಗೇರ್, ಹೈಡ್ರಾಲಿಕ್, ಬ್ರೇಕ್ ಮೂರಕ್ಕೂ ಅದೊಂದೇ. ಸಾಮಾನ್ಯ 90 ನಂಬರ್ ಗೇರ್ ಆಯಿಲ್ ಹಾಕಿದರೆ ಬ್ರೇಕ್ ಕಿರುಚುತ್ತದೆ, ಹಿಡಿತವೂ ಕೆಡುತ್ತದೆ.

ಹಂತ 7: "ಲೈಫ್‌ಟೈಮ್" ದ್ರವವನ್ನೂ ಬದಲಿಸಿ

ಕೆಲವು ಆಟೊಮ್ಯಾಟಿಕ್‌ಗಳಿಗೆ ದ್ರವ ಬದಲಿಸುವುದೇ ಬೇಡ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗೇರ್ ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್‌ಗಳಿಗೆ ಬಳಕೆ ನೋಡಿಕೊಂಡು 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಲು ಹೇಳುತ್ತದೆ. ನಮ್ಮ ಟ್ರಾಫಿಕ್ಕಿಗೆ, ಘಾಟಿಗಳಿಗೆ ಇದಕ್ಕಿಂತ ಸ್ವಲ್ಪ ಮೊದಲೇ ಆದರೆ ಒಳ್ಳೆಯದು.

ಕೆಳಗಿನ ಬೋಲ್ಟ್ ಬಿಚ್ಚಿದಾಗ ಬರುವುದು ಒಳಗಿರುವುದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೇ ನಿಲ್ಲುತ್ತದೆ. ತುಂಬಾ ವರ್ಷ ಬದಲಿಸದ ಗಾಡಿಯಾದರೆ ಮಿಷನ್ ಹಾಕಿ ಒಮ್ಮೆಲೇ ತೊಳೆಸುವುದಕ್ಕಿಂತ, ಸ್ವಲ್ಪ ಓಡಿಸಿ ಎರಡು ಮೂರು ಸಲ ಇಳಿಸಿ ತುಂಬಿಸುವುದೇ ಮೇಲು. ಮಟ್ಟ ನೋಡುವ ವಿಧಾನವೂ ಬೇರೆ. ಈಚಿನ ಬಹಳಷ್ಟು ಗೇರ್ ಬಾಕ್ಸುಗಳಿಗೆ ಡಿಪ್‌ಸ್ಟಿಕ್ ಇಲ್ಲ. ಗಾಡಿ ಸಮತಟ್ಟಾಗಿ ಎತ್ತಿ, ಎಂಜಿನ್ ಓಡುತ್ತಿರುವಾಗ, ದ್ರವ ಕಂಪನಿ ಹೇಳಿದ ಬಿಸಿಗೆ ಬಂದಾಗ ಚೆಕ್ ಬೋಲ್ಟಿನಿಂದ ತೆಳುವಾಗಿ ಹರಿಯಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಬೇಡ.

ಹಂತ 8: ಕೊಳ್ಳುವಾಗ

ಜೆ.ಸಿ. ರಸ್ತೆಯಲ್ಲಿ ಕೊಳ್ಳಿ, ಆನ್‌ಲೈನ್ ತರಿಸಿ, ಪೆಟ್ರೋಲ್ ಬಂಕ್‌ನಲ್ಲೇ ತಗೊಳ್ಳಿ. ಬಿಲ್ ಇರಲಿ. ಮುಚ್ಚಳದ ಸೀಲ್, ತಯಾರಿಕೆಯ ತಿಂಗಳು, ಬ್ಯಾಚ್ ನಂಬರ್, ಕ್ಯೂಆರ್ ಕೋಡ್ ನೋಡಿ. ಮುಚ್ಚಳದ ಕೆಳಗಿನ ಉಂಗುರ ಮೊದಲೇ ಬೇರೆಯಾಗಿದ್ದರೆ ಆ ಕ್ಯಾನ್ ಬೇಡ. ಬ್ಯಾರೆಲ್‌ನಿಂದ ಅಳೆದು ಹಾಕುವ ಲೂಸ್ ಆಯಿಲ್‌ಗೆ ಒಪ್ಪುವುದಾದರೆ ಬ್ಯಾರೆಲ್ ಮೇಲಿನ ಲೇಬಲ್ಲನ್ನೂ ಕ್ಯಾನಿನಷ್ಟೇ ಗಮನವಿಟ್ಟು ಓದಿ. ಸರ್ವೊ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಶೆಲ್, ಮೊಬಿಲ್, ಮೊಟುಲ್ ಯಾವುದಾದರೂ ಆಗಲಿ, ಗ್ರೇಡ್ ಮತ್ತು ಅಕ್ಷರ ಹೊಂದಿದರೆ ಸಾಕು.

ಹಂತ 9: ಹಾಕಿಸುವಾಗ ಎದುರಿಗೇ ನಿಲ್ಲಿ

ಎಂಜಿನ್ ಆಯಿಲ್ ಜೊತೆ ಫಿಲ್ಟರ್, ಡ್ರೈನ್ ಬೋಲ್ಟಿನ ವಾಷರ್ ಹೊಸದಾಗಲಿ. 1.2 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಹೆಚ್ಚಾಗಿ 3ರಿಂದ 3.7 ಲೀಟರ್ ಹಿಡಿಯುತ್ತದೆ. ಬಿಲ್‌ನಲ್ಲಿ 4 ಲೀಟರ್ ಇದ್ದರೆ ಉಳಿದದ್ದನ್ನು ಕೇಳಿ ಪಡೆಯಿರಿ, ಟಾಪ್ ಅಪ್‌ಗೆ ಅದೇ ಆಯಿಲ್ ಬೇಕಾಗುತ್ತದೆ. ತುಂಬಿಸಿದ ಮೇಲೆ ಎಂಜಿನ್ ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು, ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇರಬೇಕು. ಮೇಲಿನ ಗುರುತು ದಾಟಿದ್ದರೆ ಸ್ವಲ್ಪ ತೆಗೆಸಿ. ಜಾಸ್ತಿಯಾದ ಆಯಿಲನ್ನು ಕ್ರ್ಯಾಂಕ್‌ಶಾಫ್ಟ್ ಕಡೆದು ನೊರೆ ಮಾಡುತ್ತದೆ, ನೊರೆಗೆ ಬೇರಿಂಗ್ ಕಾಯುವ ಶಕ್ತಿ ಇಲ್ಲ.

ಬಣ್ಣ ನೋಡಿ ಗಾಬರಿಯಾಗಬೇಡಿ. ಡೀಸೆಲ್‌ನಲ್ಲಿ ಹೊಸ ಆಯಿಲ್ ಬಹಳ ಬೇಗ ಕಪ್ಪಾಗುತ್ತದೆ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಮಾತ್ರ ನೀರು ಅಥವಾ ಕೂಲಂಟ್ ಸೇರಿರಬಹುದು. ಗಾಡಿ ಓಡಿಸದೆ ತೋರಿಸಿ. ಕೆಂಪು ಎಟಿಎಫ್ ಕಂದಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಸುಡುತ್ತಿದೆ ಎಂದೇ ಲೆಕ್ಕ.

ತೆಗೆದ ಹಳೆ ಆಯಿಲನ್ನು ಚರಂಡಿಗೆ, ಗದ್ದೆ ಬದುವಿಗೆ ಚೆಲ್ಲಿಸಬೇಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ಮರುಬಳಕೆದಾರರಿಗೆ ಹೋಗಬೇಕು. ಮನೆಯಲ್ಲೇ ಬದಲಿಸಿದರೆ ಅದನ್ನು ಹಳೆ ಕ್ಯಾನಿಗೆ ತುಂಬಿ, ಸಂಗ್ರಹಿಸಿ ಕಳುಹಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಖಾಲಿ ಕ್ಯಾನನ್ನು ಗುಜರಿಗೆ ಹಾಕುವ ಮೊದಲು ಚಾಕುವಿನಿಂದ ಸೀಳಿ, ಲೇಬಲ್ ಹರಿಯಿರಿ. ಇಡಿಯಾಗಿ ಹೋದ ಕ್ಯಾನ್ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಮಾರಾಟಕ್ಕೆ ಬರಬಹುದು.